ಮೂರು ಸಲ ಓಡಿದ ಕುದುರೆ

ಸಿನಿಮಾಕ್ಕೆ ತಡವಾಗಿ ಹೋಗುವವರ ಜೊತೆ ನಾನು ಹೋಗುವುದಿಲ್ಲ. ಪಿಕ್ಚರ್ ತಪ್ಪಿಹೋಗುತ್ತದೆ ಎಂದಲ್ಲ, ಟ್ರೈಲರ್ ತಪ್ಪಿಹೋಗುತ್ತದಲ್ಲ ಎಂಬ ಸಂಕಟಕ್ಕೆ. ನಿಜ ಹೇಳಬೇಕೆಂದರೆ ನಾನು ಟಿಕೆಟ್ ತೆಗೆಯುತ್ತಿದ್ದದ್ದೇ ಮುಂದೆ ಬರಲಿರುವ ಪಿಕ್ಚರಿಗಾಗಿ. ಅವತ್ತು ತೋರಿಸುವುದು ನನ್ನ ಪಾಲಿಗೆ ಕೊಸರು.

ಎಪ್ಪತ್ತರ ದಶಕದ ಮಾತು. ಗುಬ್ಬಿಯಿಂದ ತುಮಕೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಸ್ಕೂಲ್ ಮೇಷ್ಟ್ರು ನಾನು. ಶನಿವಾರ ಅರ್ಧ ದಿನದ ಪಾಠ ಮುಗಿಸಿ, ತುಮಕೂರಿನಲ್ಲೊಂದು ಮ್ಯಾಟಿನಿ ನೋಡಿಕೊಂಡು ಸಂಜೆಯ ಗಾಡಿಗೆ ಮರಳಿದರೆ ನಮ್ಮ ಬೀದಿಗೆಲ್ಲ ನಾನೇ ಟ್ರೈಲರ್. ಏಕೆಂದರೆ ಅಲ್ಲಿ ನೋಡಿದ್ದು ಗುಬ್ಬಿಯ ಟೆಂಟ್ ಸಿನಿಮಾಕ್ಕೆ ಬರಬೇಕಾದರೆ ರಾಗಿ ಬಿತ್ತಿ, ಕೊಯ್ದು, ಕಣದ ಕೆಲಸವೂ ಮುಗಿದಿರಬೇಕು. 'ಅತಿ ಶೀಘ್ರದಲ್ಲಿ' ಎಂದು ಪರದೆಯ ಮೇಲೆ ಬಂದರೆ ತುಮಕೂರಿನವರು ಮುಂದಿನ ಶುಕ್ರವಾರ ಎಂದುಕೊಳ್ಳುತ್ತಿದ್ದರು, ನಾವು ಸಂಕ್ರಾಂತಿ ಎಂದುಕೊಳ್ಳುತ್ತಿದ್ದೆವು. ಇದರಿಂದ ನಮಗೇನೂ ನಷ್ಟವಾಗಲಿಲ್ಲ. ಅಷ್ಟು ದಿನ ಆ ಪಿಕ್ಚರನ್ನು ನಾವೇ ತೆಗೆಯುತ್ತಿದ್ದೆವು.

ಸಂಸ್ಕೃತ ನಾಟಕಗಳಲ್ಲಿ ಸೂತ್ರಧಾರ ಮೊದಲು ಬಂದು, ಕವಿಯನ್ನೂ ಕಥೆಯನ್ನೂ ಹೊಗಳಿ ಸಭೆಯ ಬಾಯಲ್ಲಿ ನೀರೂರಿಸುತ್ತಾನಂತೆ. ಅದಕ್ಕೆ ಪ್ರರೋಚನೆ ಎಂದು ಹೆಸರು. ಪಂಡಿತರು ಇದನ್ನು ಗ್ರಂಥಗಳಲ್ಲಿ ಹುಡುಕಿದರೆ ನಾನು ಬೆಂಚಿನ ಕ್ಲಾಸಿನಲ್ಲಿ ಕೂತು ಕಂಡುಕೊಂಡೆ. ಒಂದು ಗಂಭೀರ ಕಂಠ, 'ಇವನು ಅಣ್ಣನೋ, ಹಗೆಯೋ?' ಎಂದು ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಒಂದು ರೈಲು, ಒಂದು ಮಳೆ, ಒಂದು ಕಪಾಳಮೋಕ್ಷ. ಉತ್ತರ ಕೊಡದೆ ಜಾರಿಕೊಳ್ಳುವುದೇ ಟ್ರೈಲರಿನ ಹೆಚ್ಚುಗಾರಿಕೆ. ಅದೇ ಹೆಚ್ಚುಗಾರಿಕೆಗೆ ಪರೀಕ್ಷೆಯಲ್ಲಿ ನಾನು ಹುಡುಗರಿಗೆ ಸೊನ್ನೆ ಕೊಡುತ್ತಿದ್ದೆ.

ನಮ್ಮ ಪಕ್ಕದ ಮನೆಯಲ್ಲಿ ಜಟಕಾ ಹೊಡೆಯುವ ಖಾದರ್ ಸಾಬರಿದ್ದರು. ಅವರ ಹೆಂಡತಿ ಜೈನಾಬಿ ಕುಣಿಗಲ್ಲಿನ ಹೆಣ್ಣುಮಗಳು. ತವರಿನಲ್ಲಿ ಬಂದ ಪಿಕ್ಚರನ್ನೆಲ್ಲ ಸೋದರತ್ತೆಯ ಜೊತೆ ನೋಡುತ್ತಿದ್ದವಳು, ಗುಬ್ಬಿಗೆ ಬಂದ ಮೇಲೆ ಟೆಂಟಿನ ಒಳಗೆ ಕಾಲಿಟ್ಟಿರಲಿಲ್ಲ. ಸಾಬರು ಕೆಟ್ಟವರಲ್ಲ, ಬೇಡವೆಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ನಿಜದಲ್ಲಿ ಇಲ್ಲದವರು ಪರದೆಯ ಮೇಲೆ ಅಳುವುದನ್ನು ನಿಜವಾಗಿ ಇರುವವರು ದುಡ್ಡು ಕೊಟ್ಟು ಏಕೆ ನೋಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೆ. ನಮ್ಮಪ್ಪನ ಅಭಿಪ್ರಾಯವೂ ಅದೇ. ನಾನು ಹಿತ್ತಲಲ್ಲಿ ಅಮ್ಮನಿಗೆ ಕಥೆ ಹೇಳುವಾಗ ಜೈನಾಬಿ ಗೋಡೆಯಾಚೆ ನಿಂತು ಕೇಳುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು: "ಮೇಷ್ಟ್ರೇ, ಎಲ್ಲಾ ಪಿಚ್ಚರೂ ನಿಮ್ ಬಾಯಲ್ಲೇ ನೋಡಾಯ್ತು. ಒಂದಾದ್ರೂ ನಮ್ ಕಣ್ಣಲ್ಲಿ ನೋಡಣ ಅಂತ ಆಸೆ. ಯಜಮಾನ್ರಿಗೆ ನೀವೇ ಒಂದ್ ಮಾತು ಹೇಳಿ." ತಮಾಷೆಯ ದನಿಯಲ್ಲೇ ಹೇಳಿದಳು. ನನಗೆ ಮಾತ್ರ ಅದು ತಮಾಷೆ ಎನಿಸಲಿಲ್ಲ.

ಆ ವಾರವೇ ತುಮಕೂರಿನಲ್ಲಿ ಒಂದು ಟ್ರೈಲರ್ ನೋಡಿದ್ದೆ. ಬಿಳಿ ಕುದುರೆಯೊಂದು ಧೂಳೆಬ್ಬಿಸಿಕೊಂಡು ಮೂರು ಸಲ ಓಡಿತು. 'ಈ ಓಟ ಎಲ್ಲಿಗೆ?' ಎಂದಿತು ಕಂಠ. ಇದು ಕುದುರೆಯ ಕಥೆಯೇ ಎಂದು ನಾನು ದೇವರಾಣೆಗೂ ನಂಬಿದೆ, ಸಾಬರಿಗೂ ಹೇಳಿದೆ. ಅವರು ಹುಲ್ಲು ಹಾಕುತ್ತಿದ್ದ ಕೈ ನಿಲ್ಲಿಸಿ, "ಎಂಥಾ ಕುದ್ರೆ?" ಎಂದರು.

ಅಲ್ಲಿಂದ ಶುರುವಾಯಿತು. ಸ್ಟೇಷನ್ನಿನಿಂದ ಬರುವಾಗ ನನ್ನನ್ನು ಜಟಕಾದ ಮುಂದುಗಡೆ ಕೂರಿಸಿಕೊಂಡು ವಿಚಾರಣೆ. "ಅದುನ್ನ ಯಾರೋ ಕದ್ದವ್ರೆ ಮೇಷ್ಟ್ರೇ. ತಪ್ಪಿಸ್ಕೊಂಡು ಮನೆ ಕಡೀಕೆ ಓಡ್ತೈತೆ." ಕೆಲವು ದಿನ ಬಿಟ್ಟು, ಅದರ ಕಾಲಿಗೆ ಪೆಟ್ಟಾಗುತ್ತದೆ, ಆದರೆ ಸಾಯುವುದಿಲ್ಲ ಎಂದು ತೀರ್ಮಾನಿಸಿದರು. ಪಿಕ್ಚರ್ ಎಂದರೆ ಬರೀ ಸುಳ್ಳು ಎನ್ನುತ್ತಿದ್ದವರು ಸುಗ್ಗಿಯ ಹೊತ್ತಿಗೆ ಮುಕ್ಕಾಲು ಪಿಕ್ಚರ್ ತಾವೇ ತೆಗೆದುಬಿಟ್ಟಿದ್ದರು. "ಊಟಕ್ಕೆ ಕೂತ್ರೂ ಆ ಕುದ್ರೇದೇ ಮಾತು ಅಮ್ಮಾವ್ರೇ" ಎಂದು ಜೈನಾಬಿ ಅಮ್ಮನಿಗೆ ಹೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ನಗುತ್ತಿದ್ದಳು.

ಕೊನೆಗೂ ಅದು ಟೆಂಟಿಗೆ ಬಂತು. ತುಮಕೂರಿನಲ್ಲಿ ಅದು ಓಡಿದ ಶನಿವಾರ ಪರೀಕ್ಷೆಯ ಪೇಪರುಗಳ ನಡುವೆ ಸಿಕ್ಕಿಕೊಂಡಿದ್ದರಿಂದ ನಾನೂ ನೋಡಿರಲಿಲ್ಲ. ಸಾಬರು ಸಂಜೆಗೇ ಜಟಕಾ ಬಿಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಫಸ್ಟ್ ಷೋಗೆ ಹೊರಟರು. ನಾನೂ ಹೋದೆ. ಟೆಂಟಿನಲ್ಲಿ ಹೆಂಗಸರೊಂದು ಕಡೆ, ಗಂಡಸರೊಂದು ಕಡೆ, ನಡುವೆ ಮೋಟುಗೋಡೆ. ಸಾಬರ ಹಿಂದಿನ ಬೆಂಚು ನನ್ನದು. ಇಂಟರ್ವೆಲ್ ಆದರೂ ಕುದುರೆಯ ಸುಳಿವಿಲ್ಲ. ಕಥೆ ಎರಡು ಮನೆಗಳ ಬೇಲಿ ಜಗಳದ್ದು, ಅದರಲ್ಲೊಬ್ಬ ಹೊಟ್ಟೆಬಾಕ ಅಡಿಗೆಯವನು. ಕೊನೆಯಲ್ಲಿ ಮದುವೆಮನೆಗೆ ಸುದ್ದಿ ತರುವವನೊಬ್ಬ ಆ ಕುದುರೆಯ ಮೇಲೆ ಬಂದ, ಇಳಿದ, ಮುಗಿಯಿತು. ಟ್ರೈಲರಿನಲ್ಲಿ ಮೂರು ಸಲ ಓಡಿದ್ದು ಪಿಕ್ಚರಿನಲ್ಲಿ ಒಂದೇ ಸಲ ಓಡಿತ್ತು. ಸಾಬರು ನನ್ನನ್ನು ಬೈದರೆ ಬೈಯಲಿ, ಜೈನಾಬಿಗೆ ಇದೇ ಕೊನೆಯ ಪಿಕ್ಚರ್ ಆಗಿಬಿಟ್ಟರೆ ಏನು ಗತಿ ಎಂದುಕೊಂಡು, ಸಾಬರು ತಿರುಗಿ ನೋಡುವ ಮೊದಲೇ ಟೆಂಟಿನಿಂದ ಜಾರಿಕೊಂಡೆ.

ಮಾರನೆಯ ಬೆಳಿಗ್ಗೆ ಹಿಂದಿನ ಬೀದಿಯಿಂದ ಸ್ಟೇಷನ್ನಿಗೆ ಹೊರಟೆ. ಜಟಕಾ ಅಡ್ಡ ಬಂತು. "ಹತ್ತಿ ಮೇಷ್ಟ್ರೇ" ಎಂದರು ಸಾಬರು.

"ಕುದ್ರೆ ಬರೀ ಸುಳ್ಳು" ಎಂದರು.

"ಹೌದು ಸಾಬರೇ, ನಾನೂ ಮೋಸ ಹೋದೆ."

"ಅದಿರ್ಲಿ ಬುಡಿ. ಆ ಅಡಿಗೆಯೋನು ಬಾವಿಗೆ ಬಿದ್ದಾಗ ಹೆಂಗಸ್ರ ಕಡೆಯಿಂದ ಒಂದು ನಗು ಬಂತಲ್ಲ, ಟೆಂಟೇ ಕಿತ್ಕೊಂಡು ಹೋಗೋ ಹಂಗೆ, ಕೇಳುಸ್ತಾ?"

ಕೇಳಿಸಿತ್ತು. ಇಡೀ ಟೆಂಟೇ ಅತ್ತ ತಿರುಗಿತ್ತು.

"ಯಾರಪ್ಪಾ ಇದು ಅಂತ ಗೋಡೆ ಮೇಲಿಂದ ಬಗ್ಗಿ ನೋಡ್ದೆ. ನಮ್ಮನೆಯೋಳು." ಲಗಾಮು ಸಡಿಲ ಬಿಟ್ಟರು. "ಮದ್ವೆಯಾಗಿ ಇಷ್ಟು ವರ್ಷ ಆಯ್ತು. ಅವ್ಳಿಗೆ ಹಂಗೆ ನಗಕ್ಕೆ ಬರ್ತದೆ ಅಂತ ನಂಗೇ ಗೊತ್ತಿರ್ನಿಲ್ಲ ಮೇಷ್ಟ್ರೇ."

ಸ್ಟೇಷನ್ನಿನ ಹತ್ತಿರ ಇಳಿಸುವಾಗ ಸಾಬರು, "ಮುಂದೆ ಯಾವ್ದು ಬರ್ತದೆ ಟೆಂಟಿಗೆ?" ಎಂದು ಕೇಳಿದರು. ಇನ್ನು ಹುಷಾರಾಗಿ ಮಾತಾಡಬೇಕೆಂದುಕೊಂಡು, "ಬರುವುದೇನೋ ಬರುತ್ತದೆ. ಆದರೆ ಟ್ರೈಲರಿನಲ್ಲಿ ಎಲ್ಲರೂ ಅಳುತ್ತಲೇ ಇದ್ದರು. ನಗುವಂಥದ್ದೇನೂ ಕಾಣಲಿಲ್ಲ" ಎಂದೆ.

"ಇರ್ತದೆ ಬುಡಿ" ಎಂದರು ಸಾಬರು. "ಇರೋದ್ನೆಲ್ಲಾ ಟ್ರೈಲರ್‌ನಾಗೆ ಎಲ್ಲಿ ತೋರುಸ್ತಾರೆ?"