ಹೊಗೆಯಿಲ್ಲದ ಕೆಂಡ

ನಮ್ಮ ಮನೆಯವರು ಹಾಲಸಿದ್ದಪ್ಪ, ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ವೈರ್‌ಮನ್ ಆಗಿದ್ದರು. ಕುರುಗೋಡಿನಲ್ಲಿ ಏಳನೇ ಕ್ಲಾಸು ಓದಿದವರು. ನನ್ನದು ಮೂರಕ್ಕೇ ಮುಗಿದಿತ್ತು.

ಅಮಾವಾಸ್ಯೆಗೆ ಹಲಕುಂದಿ ಮಠಕ್ಕೆ ಹೋದರೆ, ಅಲ್ಲಿಗೆ ಬರುತ್ತಿದ್ದ ಶಾಸ್ತ್ರಿಗಳೊಬ್ಬರು ತರ್ಕ ಹೇಳುವುದನ್ನು ಕೇಳಿಕೊಂಡು ಬರುತ್ತಿದ್ದರು. ಒಂದು ಸಲ ಇವರು ಮಠದಿಂದ ಬಂದವರೇ ಒಲೆಯ ಮುಂದೆ ಕೂತರು. ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು, ಹಾಗಾದರೆ ಹೊಗೆ ಕಾಣದಿದ್ದರೆ ಬೆಂಕಿ ಇಲ್ಲ ಎನ್ನಬಹುದೇ ಎಂದು ನನ್ನನ್ನು ಕೇಳಿದರು. ನಾನು ರೊಟ್ಟಿ ಸುಡುತ್ತಿದ್ದೆ. ಒಲೆಯಿಂದ ಒಂದು ಕೆಂಡ ಮುಂದಕ್ಕೆ ಎಳೆದೆ.

"ಹೊಗಿ ಇಲ್ಲಲ್ಲ, ಹಿಡೀರಿ ಕೈಯಾಗ," ಎಂದೆ.

ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಮುಂದಿನ ಅಮಾವಾಸ್ಯೆಗೆ ಶಾಸ್ತ್ರಿಗಳು ನನಗೆಂದೇ ಒಂದು ತೆಂಗಿನಕಾಯಿ ಕಳಿಸಿದ್ದರು.

ಆ ವರ್ಷವೇ ಮಿಲ್ಲಿನಲ್ಲಿ ಎರ್ರಿಯ ಪ್ರಸಂಗ ನಡೆಯಿತು. ಎರ್ರಿ ಇವರ ಜೊತೆ ಕೆಲಸ ಮಾಡುತ್ತಿದ್ದ ದೇಶನೂರಿನವನು, ಎರಡು ಮಕ್ಕಳ ತಂದೆ. ಕರೆಂಟಿನ ಡಬ್ಬಿಯ ಮೇಲೆ ಒಂದು ಕೆಂಪು ಬಲ್ಬು. ಅದು ಉರಿದರೆ ಒಳಗೆ ಕರೆಂಟು ಇದೆ ಎಂದರ್ಥ. ಅಂದು ಬಲ್ಬು ಆರಿತ್ತು. ಕರೆಂಟು ಇಲ್ಲವೆಂದುಕೊಂಡು ಎರ್ರಿ ಸಡಿಲಾದ ತಂತಿಗೆ ಕೈ ಚಾಚಿದ. ಇವರು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಟೆಸ್ಟರ್ ಇಟ್ಟು ನೋಡಿದರೆ ತಂತಿಯಲ್ಲಿ ಕರೆಂಟು ಇತ್ತು. ಬಲ್ಬೇ ಸುಟ್ಟುಹೋಗಿತ್ತು.

ಹೊಸ ಬಲ್ಬು ಹಾಕಿದರೆ ಆಯಿತಲ್ಲ ಎಂದರು ಮಾಲೀಕರು. ಅದೂ ಒಂದು ದಿನ ಸುಟ್ಟೇ ಸುಡುತ್ತದೆಂದು ಇವರು ಒಪ್ಪಲಿಲ್ಲ. ಮೇನ್ ಸ್ವಿಚ್ಚನ್ನು ಪೂರ್ತಿ ಕೆಳಗೆ ಎಳೆದಾಗ ಮಾತ್ರ ಬ್ಯಾಟರಿಯಿಂದ ಉರಿಯುವ ಒಂದು ಹಸಿರು ದೀಪ ಕೂಡಿಸಿದರು.

"ಹಸಿರು ಉರಿದ್ರ ಮುಟ್ಟು, ಉರೀಲಿಲ್ಲಂದ್ರ ಮುಟ್ಟಬ್ಯಾಡ. ಇನ್ಮ್ಯಾಲೆ ಬಲ್ಬ್ ಸತ್ರೂ ಮನುಷ್ಯಾ ಸಾಯಂಗಿಲ್ಲಲೇ," ಎಂದರಂತೆ. ಇದು ಶಾಸ್ತ್ರಿಗಳು ಕಲಿಸಿದ್ದೇ ಎಂದು ಎರ್ರಿ ಕೇಳಿದ್ದಕ್ಕೆ, ಅಲ್ಲ, ನಮ್ಮ ಮನೆಯಾಕೆ ಕಲಿಸಿದ್ದು ಎಂದರಂತೆ. ಇದನ್ನು ಅವರು ನನಗೆ ಒಮ್ಮೆಯೂ ಹೇಳಲಿಲ್ಲ. ಎರ್ರಿಯೇ ಹೇಳಿದ್ದು, ಅವರು ಹೋದ ಮೇಲೆ.

ಒಂಬತ್ತು ವರ್ಷವಾಯಿತು. ಈಗ ಬಳ್ಳಾರಿಯ ಪಾರ್ವತಿನಗರದಲ್ಲಿ ಮಗಳು ಶೈಲಜಾಳ ಮನೆಯಲ್ಲಿದ್ದೇನೆ. ಇಲ್ಲಿ ಎಲ್ಲ ಗ್ಯಾಸಿನ ಮೇಲೆ. ಕೆಂಡ ನೋಡಿ ಎಷ್ಟು ದಿನವಾಯಿತೋ. ಹೋದ ತಿಂಗಳು ಎರ್ರಿ ಹೊಸ ಅಕ್ಕಿ ತಂದುಕೊಟ್ಟ. ಅವನ ತಲೆಯೂ ಬೆಳ್ಳಗಾಗಿದೆ. ಆ ಹಸಿರು ದೀಪ ಇನ್ನೂ ಇದೆಯೇನಪ್ಪ ಎಂದು ಕೇಳಿದೆ.

"ಐತಕ್ಕ. ನಾ ಇದ್ದಾಗನ ಮೂರು ಸಲ ಸುಟ್ಟಿತ್ತು," ಎಂದವನೇ, ಒಂದು ಸುಟ್ಟ ಕಲೆಯೂ ಇಲ್ಲದ ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದ.