ಮಾಯಕ್ಕನ ಗಣಿತದ ಪರೀಕ್ಷೆ

ವಡಗಾವಿಯ ನೇಕಾರಿಕೆ ಶೆಡ್ಡೊಂದರಲ್ಲಿ ಎರಡು ವಿದ್ಯುತ್ ಮಗ್ಗ ನಡೆಸುವ ಮಾಯಕ್ಕನನ್ನು ಮಗಳ ಗಣಿತದ ಮಾಸ್ತರು ಶಶಿಧರ ಅವರು ಶಾಲೆಗೆ ಕರೆಸಿದ್ದರು. ಒಂಬತ್ತನೆಯ ತರಗತಿಯ ಸಮೃದ್ಧಿಯ ಉತ್ತರಪತ್ರಿಕೆಯನ್ನು ಅವಳ ಮುಂದೆ ಸರಿಸಿ, “ನೀವ ಓದ್ರಿ” ಎಂದರು.

ಅದರಲ್ಲಿ ಒಂದೂ ಲೆಕ್ಕವಿರಲಿಲ್ಲ. ಇದ್ದದ್ದು ಒಂದೇ ಸಾಲು: ‘ನಮ್ಮ ಮನೆತನಕ್ಕೆ ಗಣಿತ ಬರುವುದಿಲ್ಲ ಸರ್.’

ಮಾಯಕ್ಕನಿಗೆ ಕಪಾಳಕ್ಕೆ ಬಡಿದಂತಾಯಿತು. ಆ ಮಾತು ಅವಳದೇ. ಮಗಳು ಮಗ್ಗಿ ತಪ್ಪಿದಾಗಲೆಲ್ಲ ತಲೆ ಸವರಿ, ಪ್ರೀತಿಯಿಂದಲೇ ಹೇಳಿದ್ದು. ಇಪ್ಪತ್ತೆರಡು ವರ್ಷದ ಹಿಂದೆ ಖಾನಾಪುರದ ಹೈಸ್ಕೂಲಿನಲ್ಲಿ ಬೋರ್ಡಿನ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದ ಅವಳಿಗೆ ಮಾಸ್ತರೊಬ್ಬರು, “ನಿನ್ನ ತಲ್ಯಾಗ ಇದು ಇಳಿಯಾಂಗಿಲ್ಲ, ಕುಂದರ” ಎಂದಿದ್ದರು. ಇಡೀ ತರಗತಿ ನಕ್ಕಿತ್ತು. ಹತ್ತನೆಯ ಪರೀಕ್ಷೆಯಲ್ಲಿ ಗಣಿತವೊಂದೇ ಹೋಯಿತು. ಅಲ್ಲಿಗೆ ಓದೂ ಮುಗಿಯಿತು.

“ಸರ್, ಈ ವಯಸ್ಸಿನ್ಯಾಗ ನಾ ಮತ್ತ ಪರೀಕ್ಷಾಕ್ಕ ಕುಂದರಬಹುದೇನ್ರಿ?” ಬಾಯಿಂದ ಬಿದ್ದ ಮಾತಿಗೆ ಅವಳೇ ಬೆಚ್ಚಿದಳು.

“ಯಾಕಾಗಬಾರದು? ನೀವು ಓದಿದ ಹೈಸ್ಕೂಲಿನಿಂದ ಅರ್ಜಿ ಹಾಕ್ರಿ.”

ಮರುದಿನವೇ ಖಾನಾಪುರದ ಬಸ್ಸು ಹತ್ತಿದಳು. ಪೀರನವಾಡಿ ದಾಟುವಷ್ಟರಲ್ಲಿ ಎರಡು ಸಲ ಇಳಿದುಬಿಡಲೇ ಎನಿಸಿತು. ಶಾಲೆಯ ಗುಮಾಸ್ತ ಬಂಡೆಪ್ಪ ಹಳೆಯ ರಿಜಿಸ್ಟರಿನ ಧೂಳು ಜಾಡಿಸುತ್ತ, “ಅರ್ಜಿ ಮಗಳಿಗೇನ್ರಿ?” ಎಂದ.

“ನನಗ್ರಿ.”

ಹಾಗೆಂದದ್ದೇ ತಡ, ಎದೆಯಲ್ಲಿ ಏನೋ ಕುಣಿಯತೊಡಗಿತು.

ಸುದ್ದಿ ಕೇಳಿದ ಗಂಡ ಕರೆಪ್ಪ, “ಖರೇನ? ಹಂಗಾರ ಸಂಜಿ ರೊಟ್ಟಿ ನಾ ಬಡೀತೀನಿ” ಎಂದ. ಆ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ, ಆ ಮಾತು ಬೇರೆ. ಕಲಿಸುವ ಜವಾಬ್ದಾರಿ ಬಿದ್ದದ್ದು ಸಮೃದ್ಧಿಯ ಮೇಲೆ. ಅವ್ವನಿಗೆ ಕಲಿಸಬೇಕೆಂದರೆ ತಾನು ಕಲಿಯಬೇಕಲ್ಲ! ಹತ್ತನೆಯ ಪುಸ್ತಕ ಹಿಡಿದು ಮಾಸ್ತರರ ಬೆನ್ನು ಬಿದ್ದಳು. ಅವರು ತಾಯಿ ಮಗಳಿಗೆ ಒಂದೇ ನಿಯಮ ಹಾಕಿದರು: ತಪ್ಪಾದ ಲೆಕ್ಕ ಅಳಿಸುವ ಹಾಗಿಲ್ಲ, ಯಾಕೆ ತಪ್ಪಿತೆಂದು ಬಾಜುವಿನಲ್ಲಿ ಬರೆಯಬೇಕು.

ಒಂದು ಸಂಜೆ ಪುಸ್ತಕದಲ್ಲಿ ಒಂದು, ಮೂರು, ಐದು, ಏಳು ಎಂದು ಏರುವ ಸಂಖ್ಯೆಗಳು ಬಂದವು. ಹತ್ತು ಸಂಖ್ಯೆ ಕೂಡಿಸಬೇಕಿತ್ತು. ಸಮೃದ್ಧಿ ಸೂತ್ರ ಹುಡುಕುತ್ತಿದ್ದರೆ ಮಾಯಕ್ಕ ಚೀರಿದಳು.

“ಏ, ಇದು ಸೀರಿ ದಡಿಯಾಗಿನ ಗೋಪುರ! ತುದಿಗೆ ಒಂದ ಚುಕ್ಕಿ, ಕೆಳಗ ಮೂರು, ಅದರ ಕೆಳಗ ಐದು. ನಾ ದಿನಾ ನೇಯೂದು! ತಡಿ, ಎರಡ ಸಾಲಿಗೆ ನಾಕು, ಎರಡೆರಡ್ಲೆ. ಮೂರ ಸಾಲಿಗೆ ಒಂಬತ್ತು, ಮೂರಮೂರ್ಲೆ. ಹತ್ತಕ್ಕ ಹತ್ತಹತ್ಲೆ... ನೂರು!”

ಸಮೃದ್ಧಿ ಬೆರಳು ಮಡಿಚಿ ಒಂದೊಂದೇ ಕೂಡಿಸಿ ನೋಡಿದಳು. “ಅವ್ವಾ, ಖರೇನ ನೂರು!” ಎಂದು ಜಿಗಿದಳು. ಒಲೆಯ ಮುಂದಿನಿಂದ ಕರೆಪ್ಪ ಹಿಟ್ಟಿನ ಕೈಯಲ್ಲೇ ಓಡಿ ಬಂದ.

ಪರೀಕ್ಷೆಯ ದಿನ ಖಾನಾಪುರದಲ್ಲಿ ಕೊಠಡಿಯ ಮೇಲ್ವಿಚಾರಕಿ, “ಪಾಲಕರು ಹೊರಗ ನಿಂದರ್ರಿ” ಎಂದಾಗ ಮಾಯಕ್ಕ ನಗುತ್ತ ಪ್ರವೇಶಪತ್ರ ತೋರಿಸಿದಳು. ಮೊದಲ ಪ್ರಶ್ನೆಯೇ ಹೊಳೆಯಲಿಲ್ಲ. ಅದನ್ನು ಬಿಟ್ಟು ಎರಡನೆಯದಕ್ಕೆ ಹೋದಳು, ಮೂರನೆಯದು ಬಿಡಿಸಿದಳು. ಆಮೇಲೆ ಪೆನ್ನು ನಿಲ್ಲಲಿಲ್ಲ.

ಫಲಿತಾಂಶದ ದಿನ ಸಮೃದ್ಧಿ ಓಣಿಯುದ್ದ ಓಡಿ ಬಂದು ಮಗ್ಗಗಳ ಸದ್ದಿನ ಮೇಲೆ ಕೂಗಿದಳು. “ಐವತ್ತೊಂದು!” ಮಾಯಕ್ಕನಿಗೆ ಕೇಳಿಸಲಿಲ್ಲ. ಎರಡೂ ಮಗ್ಗ ನಿಲ್ಲಿಸಿ, “ಏನಂದಿ?” ಎಂದಳು. “ಪಾಸಾದಿ ಅವ್ವಾ! ಐವತ್ತೊಂದು!”

ಅಕ್ಕಪಕ್ಕದ ಮಗ್ಗಗಳೂ ನಿಂತವು. ಆ ವರ್ಷ ಒಂಬತ್ತನೆಯ ಗಣಿತದಲ್ಲಿ ಸಮೃದ್ಧಿಗೆ ಸಿಕ್ಕಿದ್ದು ನಲವತ್ತನಾಲ್ಕು; ಅವ್ವನಿಗಿಂತ ಏಳು ಕಡಿಮೆ ಎಂದು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಇನ್ನೂ ಕಠಿಣ ಲೆಕ್ಕ ಕೊಡಿರೆಂದು ಮಾಸ್ತರರ ಬಳಿ ಹೋದಳಂತೆ.

ಈಗ ಭಾನುವಾರ ಮಾಯಕ್ಕನ ಪಡಸಾಲೆಯಲ್ಲಿ ಶೆಡ್ಡಿನ ಮೂವರು ಹೆಂಗಸರು ಪುಸ್ತಕ ಬಿಚ್ಚಿ ಕೂರುತ್ತಾರೆ. ಮೊನ್ನೆ ಅವರಲ್ಲೊಬ್ಬಳಾದ ಭೀಮಕ್ಕ ನಾಚಿಕೊಂಡು, “ನಂದು ತಪ್ಪಾತೇನ?” ಎಂದಳು.

“ಚಲೋ ಆತು! ಎಲ್ಲಿ ತಪ್ಪೇತಿ, ನೋಡೂಣು ಬಾ” ಎಂದು ಮಾಯಕ್ಕ ಚಾಪೆಯ ಮೇಲೆ ಅವಳತ್ತ ಸರಿದಳು.