ಚನ್ನವೀರರ ಎಕ್ಸ್‌ರೇ ಲಕೋಟೆ

೧೯೯೮ರ ಬೇಸಿಗೆಯಲ್ಲಿ ನಾನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಮೂಳೆ ಡಾಕ್ಟರು. ಬೈಕಿನಿಂದ ಬಿದ್ದವರು, ಊರಂಚಿನ ಕರೂರಿನ ಕಾರ್ಖಾನೆಗಳಲ್ಲಿ ಕೈ ಜಜ್ಜಿಸಿಕೊಂಡವರು ನನ್ನ ನಿತ್ಯದ ರೋಗಿಗಳು. ಅಂತಾರಾಷ್ಟ್ರೀಯ ಕ್ರಿಕೆಟಿಗನೊಬ್ಬ ನನ್ನ ಬಾಗಿಲಿಗೆ ಬಂದದ್ದು ಒಂದೇ ಸಲ. ಹೆಸರು ಬದಲಿಸಿ ಅವರನ್ನು ಚನ್ನವೀರ ಎನ್ನುತ್ತೇನೆ.

ನಿಟ್ಟುವಳ್ಳಿಯ ಗಲ್ಲಿಗಳಲ್ಲಿ ಆಡಿ ಬೆಳೆದು ದೇಶದ ತಂಡದವರೆಗೆ ಹೋದವರು ಅವರು. ಆದರೆ ಐದು ವರ್ಷದಲ್ಲಿ ಆಡಿದ್ದು ಒಂಬತ್ತೇ ಪಂದ್ಯ. ಮೊದಲ ವಿದೇಶ ಪ್ರವಾಸದ ವಿಮಾನ ಹತ್ತುವ ಬೆಳಿಗ್ಗೆ ಮಂಗನಬಾವು ಬಂತು. ಎರಡನೆಯ ಸಲ ಕ್ಯಾಚಿಗೆ ಓಡಿ ತಮ್ಮದೇ ತಂಡದವನಿಗೆ ಡಿಕ್ಕಿ ಹೊಡೆದು ಪಕ್ಕೆಲುಬು ಮುರಿದುಕೊಂಡರು. ಅದೃಷ್ಟ ಬಾಗಿಲು ತಟ್ಟಿದಾಗಲೆಲ್ಲ ಚನ್ನವೀರ ಆಸ್ಪತ್ರೆಯಲ್ಲಿರುತ್ತಾರೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಆ ಬೇಸಿಗೆಯ ಒಂದು ಭಾನುವಾರ ಹರಿಹರದ ಕಾರ್ಖಾನೆಯೊಂದರ ಮೈದಾನದಲ್ಲಿ ಅವರಿಗೆ ಸನ್ಮಾನವಿತ್ತು. ನಮ್ಮ ಕಡೆ ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಮುಗಿಯುವುದಿಲ್ಲ. ಬಂದವರೆಲ್ಲ ಸಾಲಾಗಿ ನಿಂತು ಕೈಕುಲುಕಲೇಬೇಕು. ಇನ್ನೂರು ಜನರ ಕೈ ದಾಟಿದ ಮೇಲೆ ಫೌಂಡ್ರಿಯ ಹನುಮಂತಪ್ಪನ ಸರದಿ ಬಂತು. ಮೂವತ್ತು ವರ್ಷ ಕಬ್ಬಿಣದ ಅಚ್ಚು ಎತ್ತಿದ ಕೈ ಅದು. ಅವನ ಅಭಿಮಾನವೆಲ್ಲ ಅಲ್ಲಿಗೇ ಇಳಿದಿತ್ತು. ಅರ್ಧ ಗಂಟೆಯಲ್ಲಿ ಚನ್ನವೀರರ ಬಲಗೈ ಊದಿಕೊಂಡಿತು. ಒಂದು ಟೆಂಪೊ ಜನ ಅವರನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು.

ಮರುದಿನವೇ ತಂಡದ ಆಯ್ಕೆ. ಆಟಗಾರ ಆಡಲು ಯೋಗ್ಯನೋ ಅಲ್ಲವೋ ಎಂಬ ವೈದ್ಯರ ಪತ್ರ ಅಂದೇ ಸಂಜೆ ಐದರೊಳಗೆ ಫ್ಯಾಕ್ಸ್‌ನಲ್ಲಿ ಆಯ್ಕೆದಾರರನ್ನು ತಲುಪಬೇಕಿತ್ತು. ಚನ್ನವೀರರಿಗೆ ಮೂವತ್ತೆರಡು ತುಂಬಿತ್ತು. ಈ ಸಲ ತಪ್ಪಿದರೆ ಮತ್ತೆ ಕರೆಯುವವರಿಲ್ಲ ಎಂಬುದು ಅವರಿಗೂ ಗೊತ್ತು, ಟೆಂಪೊದಲ್ಲಿ ಬಂದವರಿಗೂ ಗೊತ್ತು.

ನಾನು ತಪ್ಪಿದ್ದು ಇಲ್ಲೇ. ಕೋಣೆಯಲ್ಲಿ ಹದಿನೈದು ಜನ. ನೋವು ಹೇಗೆ ಬಂತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನೆಲ್ಲ ಅವರೇ ಹೇಳಿದರು. ರೋಗಿ ಮಾತ್ರ ಸುಮ್ಮನೆ ಕೂತಿದ್ದರು. ದೊಡ್ಡ ಆಟಗಾರ ಎಂಬ ಸಡಗರದಲ್ಲಿ ನಾನೂ ನೇರ ಎಕ್ಸ್‌ರೇ ತೆಗೆಸಿದೆ. ಉಂಗುರ ಬೆರಳಿನ ನಡುಗೆಣ್ಣಿನ ಬಳಿ ಮೂಳೆಯ ಸಣ್ಣ ಚೂರೊಂದು ಬೇರೆಯಾಗಿ ಕಂಡಿತು. ಮುರಿತ, ನಾಲ್ಕು ವಾರ ವಿಶ್ರಾಂತಿ ಎಂದು ಪತ್ರ ಬರೆದು ಕಾಂಪೌಂಡರ್ ರಾಜಣ್ಣನ ಕೈಯಲ್ಲಿ ಫ್ಯಾಕ್ಸ್ ಮಾಡಲು ಎಸ್‌ಟಿಡಿ ಬೂತಿಗೆ ಕಳಿಸಿದೆ. ಬಾಗಿಲ ಹೊರಗೆ ಹನುಮಂತಪ್ಪ ಅಳುತ್ತಿದ್ದ.

ಚನ್ನವೀರ ಮಾತ್ರ ನಕ್ಕರು. ಬ್ಯಾಗಿನಿಂದ ದಪ್ಪ ಕಂದು ಲಕೋಟೆಯೊಂದನ್ನು ತೆಗೆದರು.

“ಆ ಫಿಲ್ಮ್ ಕೊಡ್ರಿ ಡಾಕ್ಟ್ರೆ. ಇದನ್ನೂ ಇದರಾಗೇ ಸೇರಿಸ್ತೀನಿ.”

ಮಂದಿ ಫೋಟೊ ಆಲ್ಬಂ ಇಟ್ಟುಕೊಂಡಂತೆ ಅವರು ಐದು ವರ್ಷದ ಎಕ್ಸ್‌ರೇಗಳನ್ನು ಜೋಡಿಸಿಟ್ಟಿದ್ದರು. ಕುತೂಹಲಕ್ಕೆ ಒಂದೊಂದನ್ನೇ ಬೆಳಕಿಗೆ ಹಿಡಿದೆ. ಮೂರನೆಯದರಲ್ಲಿ ಅದೇ ಬೆರಳು, ಅದೇ ಜಾಗದಲ್ಲಿ ಅದೇ ಚೂರು! ಎರಡು ವರ್ಷದ ಹಿಂದೆ ಅಭಿಮಾನಿಯೊಬ್ಬ ಸಹಿಗೆಂದು ಎಸೆದ ಚೆಂಡನ್ನು ಹಿಡಿಯಲು ಹೋಗಿ ಆದದ್ದಂತೆ. ಇವತ್ತಿನ ಫಿಲ್ಮನ್ನು ಮತ್ತೆ ನೋಡಿದೆ. ಹೊಸ ಮುರಿತದ ಅಂಚು ಚೂಪಾಗಿರುತ್ತದೆ. ಇದು ಸವೆದು ದುಂಡಾಗಿತ್ತು. ಅಂದರೆ ಇದು ಇವತ್ತಿನ ಮುರಿತವಲ್ಲ, ಆ ಹಳೆಯದೇ.

ಆಗ ಮೊದಲ ಸಲ ಅವರ ಕೈ ಹಿಡಿದೆ. ಆ ಗೆಣ್ಣನ್ನು ಒತ್ತಿದರೆ ನೋವೇ ಇಲ್ಲ. ನೋವಿದ್ದುದು ಕಿರುಬೆರಳಿನ ಬುಡದಲ್ಲಿ. ಬರೀ ಉಳುಕು, ನಾಲ್ಕು ದಿನಕ್ಕೆ ಹೋಗುವಂಥದ್ದು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಕೇಳ್ಲಿಲ್ಲ. ಅದೂ ಅಲ್ದೆ ನಂಗೆ ಮುರಿಯೋದು ರೂಢಿ ಆಗೈತ್ರಿ,” ಎಂದರು.

ಗಂಟೆ ಐದಕ್ಕೆ ಇಪ್ಪತ್ತು ನಿಮಿಷ ಬಾಕಿ. ಪತ್ರ ಹೋಗದಂತೆ ತಡೆಯಿರಿ ಎಂದು ನಾನು ಕೂಗುವಷ್ಟರಲ್ಲಿ ಹನುಮಂತಪ್ಪ ಗೇಟು ದಾಟಿದ್ದ. ಐವತ್ತು ದಾಟಿದ ಆಸಾಮಿ ಹಾಗೆ ಓಡಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಪುಣ್ಯಕ್ಕೆ ಬೂತಿನಲ್ಲಿ ಸಾಲಿತ್ತು, ರಾಜಣ್ಣನ ಮುಂದೆ ಇನ್ನೂ ಒಬ್ಬರಿದ್ದರು. ಹನುಮಂತಪ್ಪ ಅವನ ಮಣಿಕಟ್ಟು ಹಿಡಿದು ಹಾಗೇ ಎಳೆದುಕೊಂಡು ಬಂದ. ಆಡಲು ಯೋಗ್ಯ ಎಂಬ ಹೊಸ ಪತ್ರವನ್ನು ನಾನೇ ಒಯ್ದು ಐದಕ್ಕೆ ಮೊದಲೇ ಕಳಿಸಿದೆ. ವಾಪಸ್ ಬಂದು ರಾಜಣ್ಣನ ಮಣಿಕಟ್ಟಿಗೂ ಪಟ್ಟಿ ಸುತ್ತಿದ್ದಾಯಿತು.

ಚನ್ನವೀರ ಆಯ್ಕೆಯಾದರು. ಎರಡು ಪಂದ್ಯ ಚೆನ್ನಾಗಿಯೇ ಆಡಿದರು. ಮೂರನೆಯದಕ್ಕೆ ಮುಂಚೆ ಪತ್ರಿಕೆಯಲ್ಲಿ ಅವರ ಸುದ್ದಿ ನಿಂತಿತು. ತಿಂಗಳ ಮೇಲೆ ನನಗೊಂದು ಅಂಚೆ ಬಂತು. ಒಳಗೆ ಪಾದದ ಎಕ್ಸ್‌ರೇ, ಜೊತೆಗೊಂದು ಚೀಟಿ: “ಹೋಟೆಲ್ ಮೆಟ್ಟಿಲ ಮೇಲೆ ಜಾರಿದೆ. ಇದು ಹೊಸದೇ, ಡಾಕ್ಟ್ರೆ. ಆದ್ರೂ ನಾ ಬಂದಾಗ ಒಂದ್ಸಲ ಮುಟ್ಟಿ ನೋಡ್ರಿ.”

ಆ ಫಿಲ್ಮನ್ನು ನಿವೃತ್ತಿಯವರೆಗೂ ನನ್ನ ಲೈಟ್ ಬಾಕ್ಸಿನ ಪಕ್ಕದಲ್ಲೇ ತೂಗುಹಾಕಿದ್ದೆ. ಯಾರೇ ಬರಲಿ, ಜೊತೆಗೆ ಎಷ್ಟೇ ಜನ ಬರಲಿ, ಅದರತ್ತ ಒಮ್ಮೆ ನೋಡುತ್ತಿದ್ದೆ. ಆಮೇಲೆ ರೋಗಿಯ ಕೈ ಹಿಡಿದು ಎಲ್ಲಿ ನೋವು ಎಂದು ಅವರನ್ನೇ ಕೇಳುತ್ತಿದ್ದೆ.